ಕೆರೆಗಳ ಪುನರುಜ್ಜೀವನ: ಪೋರುಮಾಮಿಳ್ಳ ಶಾಸನದ ಬೆಳಕಿನಲ್ಲಿ ಒಂದು ವಿಮರ್ಶೆ

೧

ಹಳೆಯ ಕೆರೆಗಳಿಗೆ ಮತ್ತೆ ಜೀವ ತುಂಬಬೇಕೆಂಬ ವಿಚಾರ ಕಳೆದ ಮೂರು ದಶಕಗಳಿಂದ ನಮ್ಮ ನಾಡಿನಲ್ಲಿ ಬಲವಾಗಿ ಬೇರೂರಿದೆ. ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅವರು ಸಂಪಾದಿಸಿ ೧೯೯೭ರಲ್ಲಿ ಪ್ರಕಟವಾದ 'ಡೈಯಿಂಗ್ ವಿಸ್‌ಡಮ್' ಗ್ರಂಥವು ಭಾರತದ ಸಾಂಪ್ರದಾಯಿಕ ನೀರಿನ ವ್ಯವಸ್ಥೆಗಳ ಕಡೆಗೆ ವಿದ್ಯಾವಂತರ ದೃಷ್ಟಿಯನ್ನು ಸೆಳೆಯಿತು. ಕರ್ನಾಟಕದ ಮಟ್ಟಿಗೆ ೧೯೯೩ರಲ್ಲಿಯೇ ಜಿ. ಎಸ್. ದೀಕ್ಷಿತ್ ಮತ್ತು ಅವರ ಸಹಲೇಖಕರು ನಮ್ಮ ಕೆರೆ ನೀರಾವರಿಯ ಇತಿಹಾಸವನ್ನು ಶಾಸನಗಳ ಆಧಾರದಿಂದ ಒಂದು ಗ್ರಂಥದಲ್ಲಿ ಅಡಕಗೊಳಿಸಿದ್ದರು. ೨೦೦೨ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಕಾರ್ಯ ಆರಂಭವಾಯಿತು. ೨೦೧೪ರಲ್ಲಿ ಕೆರೆಗಳ ಸಂರಕ್ಷಣೆಗೆಂದು ಒಂದು ಪ್ರಾಧಿಕಾರವನ್ನು ಕಲ್ಪಿಸುವ ಅಧಿನಿಯಮ ಬಂದಿತು. ೨೦೨೨ರಲ್ಲಿ ಕೇಂದ್ರ ಸರ್ಕಾರವು ಜಿಲ್ಲೆಗೆ ೭೫ರಂತೆ 'ಅಮೃತ ಸರೋವರ'ಗಳನ್ನು ನಿರ್ಮಿಸುವ ಅಥವಾ ಉದ್ಧರಿಸುವ ಕಾರ್ಯಕ್ರಮವನ್ನು ಸಾರಿತು. ಇವುಗಳ ಹಿಂದಿನ ಸದುದ್ದೇಶವನ್ನು ನಾವು ಸಂದೇಹಿಸುವುದಿಲ್ಲ. ಮಳೆ ಕಡಮೆಯಾದ, ನದಿಗಳ ಆಸರೆಯಿಲ್ಲದ ಬಯಲುಸೀಮೆಗೆ ಕೆರೆಗಿಂತ ಉತ್ತಮವಾದ ಆಶ್ರಯ ಇನ್ನೊಂದಿಲ್ಲವೆಂಬುದು ಸರ್ವವಿದಿತ.

ಆದರೆ ಒಂದು ವಸ್ತುವನ್ನು ಪುನರುಜ್ಜೀವಿಸುತ್ತೇವೆಂದು ಹೊರಟವರು ಆ ವಸ್ತು ಯಾವುದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಈಗಿನ ಕೆರೆಯ ಸಾಹಿತ್ಯವನ್ನೂ ಯೋಜನೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎರಡು ಕಲ್ಪನೆಗಳು ಅವುಗಳಲ್ಲಿ ಪ್ರಧಾನವಾಗಿ ಕಾಣುತ್ತವೆ. ಮೊದಲನೆಯದು, ಕೆರೆಯೆಂದರೆ ನೀರು ತುಂಬುವ ಒಂದು ಪಾತ್ರೆ. ಹೂಳೆತ್ತಿದರೆ ಪಾತ್ರೆ ದೊಡ್ಡದಾಗುತ್ತದೆ, ಕೆರೆ ಬದುಕುತ್ತದೆ. ಅಮೃತ ಸರೋವರದ ಲಕ್ಷಣವನ್ನೇ ನೋಡಬಹುದು: ಕನಿಷ್ಠ ಒಂದು ಎಕರೆ ವಿಸ್ತೀರ್ಣ, ಸುಮಾರು ೧೦,೦೦೦ ಘನ ಮೀಟರ್ ನೀರು ಹಿಡಿಯುವ ಶಕ್ತಿ. ಎರಡನೆಯದು, ಹಿಂದಿನ ಗ್ರಾಮಸಮಾಜವು ಒಮ್ಮನಸ್ಸಿನಿಂದ ಕೆರೆಗಳನ್ನು ಕಾಪಾಡಿಕೊಂಡು ಬಂದಿತ್ತು; ಆ ಒಗ್ಗಟ್ಟು ಮರಳಿದರೆ ಕೆರೆಯೂ ಮರಳುತ್ತದೆ. ಈ ಎರಡು ಕಲ್ಪನೆಗಳೂ ನಮ್ಮ ಪ್ರಾಚೀನ ಸಾಕ್ಷ್ಯದ ಮುಂದೆ ನಿಲ್ಲುವುವೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಸಾಕ್ಷಿಯಾಗಿ ನಾವು ಮುಖ್ಯವಾಗಿ ಒಂದೇ ಶಾಸನವನ್ನು ಆರಿಸಿಕೊಂಡಿದ್ದೇವೆ.

೨

ಈಗಿನ ಆಂಧ್ರಪ್ರದೇಶದ ಕಡಪ ಜಿಲ್ಲೆಗೆ ಸೇರಿದ ಪೋರುಮಾಮಿಳ್ಳದ ಶಾಸನವು ಶಕ ವರ್ಷ ೧೨೯೧ಕ್ಕೆ, ಎಂದರೆ ಕ್ರಿ.ಶ. ೧೩೬೯ಕ್ಕೆ ಸಲ್ಲುತ್ತದೆ. ವಿಜಯನಗರದ ಒಂದನೆಯ ಬುಕ್ಕನ ಮಗನೂ ಉದಯಗಿರಿಯನ್ನು ಆಳುತ್ತಿದ್ದವನೂ ಆದ ಭಾಸ್ಕರನು ಇಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು. ಸಂಸ್ಕೃತ ಪದ್ಯಗಳಲ್ಲಿರುವ ಈ ಶಾಸನವು 'ಎಪಿಗ್ರಾಫಿಯಾ ಇಂಡಿಕಾ'ದ ೧೪ನೆಯ ಸಂಪುಟದಲ್ಲಿ ಅಚ್ಚಾಗಿದ್ದು, ಇತಿಹಾಸಕಾರರಿಗೆ ಬಹುಕಾಲದಿಂದ ಪರಿಚಿತವಾಗಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಬಿಡಬೇಕಾದ ಆರು ದೋಷಗಳನ್ನೂ ಅದು ಸೂತ್ರಪ್ರಾಯವಾಗಿ ಹೇಳುತ್ತದೆ. ಕೆರೆಯ ವಿಷಯವಾಗಿ ಬರೆಯುವವರು ಈ ಪಟ್ಟಿಯನ್ನು ಪೂರ್ವಿಕರ ವಿಜ್ಞಾನಕ್ಕೆ ನಿದರ್ಶನವಾಗಿ ಉಲ್ಲೇಖಿಸುವುದುಂಟು. ಆದರೆ ಉಲ್ಲೇಖಿಸಿ ಮೆಚ್ಚುವುದರಲ್ಲಿಯೇ ತೃಪ್ತರಾಗಿ, ಅದರ ಅಂಗಗಳನ್ನು ಬಿಡಿಸಿ ನೋಡುವ ಕೆಲಸ ಸಾಕಷ್ಟು ನಡೆದಿಲ್ಲವೆಂದೇ ಹೇಳಬೇಕು.

ಹನ್ನೆರಡು ಸಾಧನಗಳ ತಾತ್ಪರ್ಯ ಹೀಗಿದೆ: ಧರ್ಮಿಷ್ಠನೂ ಧನವಂತನೂ ಕೀರ್ತಿಯನ್ನು ಬಯಸುವವನೂ ಆದ ರಾಜ, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿಯಾದ ಜೇಡಿಮಣ್ಣಿನ ನೆಲ, ಸಿಹಿನೀರನ್ನು ತರುವ ನದಿ, ಕೆರೆಗೆ ತಗುಲಿಕೊಂಡಿರುವ ಬೆಟ್ಟ, ಬೆಟ್ಟದ ಭಾಗಗಳ ನಡುವೆ ಕಲ್ಲಿನಿಂದ ಕಟ್ಟಿದ, ಅತಿ ಉದ್ದವಲ್ಲದ, ದೃಢವಾದ ಏರಿ, ಬೆಳೆ ಕೊಡುವ ನೆಲವನ್ನು ನುಂಗದಂತೆ ಹೊರಕ್ಕೆ ಸರಿದಿರುವ ಏರಿಯ ಎರಡು ತುದಿಗಳು, ವಿಸ್ತಾರವೂ ಆಳವೂ ಆದ ಅಂಗಳ, ನೀಳವಾದ ಕಲ್ಲು ದೊರೆಯುವ ಗಣಿ, ಸಮೀಪದಲ್ಲಿಯೇ ಫಲವತ್ತಾದ, ಸಮತಟ್ಟಾದ ಹೊಲಗದ್ದೆ, ಬೆಟ್ಟದ ನಿಲವಿಗೆ ತಕ್ಕಂತೆ ಬಲವಾದ ಸುಳಿಯೊಡನೆ ನೀರು ಹೊರಡುವ ದಾರಿ, ಎಂದರೆ ವಿದ್ವಾಂಸರು ತೂಬೆಂದು ಅರ್ಥೈಸಿರುವ ಅಂಗ, ಕೊನೆಯದಾಗಿ, ಕೆರೆ ಕಟ್ಟುವುದರಲ್ಲಿ ನಿಪುಣರಾದ ಕೆಲಸಗಾರರ ಪಡೆ.

ಇವುಗಳನ್ನು ಜಾತಿವಾರು ವಿಂಗಡಿಸಿದರೆ ಗಮನಾರ್ಹವಾದ ಒಂದು ಸಂಗತಿ ಹೊರಬೀಳುತ್ತದೆ. ರಾಜ, ಶಾಸ್ತ್ರಜ್ಞ, ಕೆಲಸಗಾರರು ಎಂಬ ಮೂರು ಸಾಧನಗಳು ಮನುಷ್ಯರಿಗೆ ಸಂಬಂಧಿಸಿದವು. ನೆಲ, ನದಿ, ಬೆಟ್ಟ, ಕಲ್ಲುಗಣಿ, ಹೊಲಗದ್ದೆ ಎಂಬ ಐದು ಸುತ್ತಣ ಭೂಮಿಗೆ ಸಂಬಂಧಿಸಿದವು. ಏರಿ, ಅದರ ತುದಿಗಳು, ಅಂಗಳ, ತೂಬು ಎಂಬ ನಾಲ್ಕು ಮಾತ್ರ ಕೆರೆಯ ಕಟ್ಟಡಕ್ಕೆ ಸೇರಿದವು. ಇವುಗಳಲ್ಲಿಯೂ ಅಂಗಳದ ಆಳಕ್ಕೆ ಸಂದ ಸ್ಥಾನ ಹನ್ನೆರಡರಲ್ಲಿ ಒಂದು. ಇಂದಿನ ಪುನರುಜ್ಜೀವನ ಕಾರ್ಯದಲ್ಲಿ ಹಣವೂ ಯಂತ್ರವೂ ಬಹುಮಟ್ಟಿಗೆ ಹರಿಯುವುದು ಆ ಒಂದರ ಕಡೆಗೆ.

ದೋಷಗಳ ಪಟ್ಟಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ಇವೆರಡು ಕಟ್ಟಡದ ದೋಷಗಳು. ಚೌಳು ನೆಲ, ಎರಡು ರಾಜ್ಯಗಳ ಗಡಿ, ನೀರು ಕಡಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಮೆಯಾಗಿ ನೀರು ಹೆಚ್ಚಾಗಿರುವುದು, ಇವು ನಾಲ್ಕೂ ಕೆರೆಗೂ ಅದರ ನೆರೆಗೂ ಇರುವ ಹೊಂದಾಣಿಕೆಯ ದೋಷಗಳು. ಕಡೆಯ ಎರಡು ದೋಷಗಳಲ್ಲಿ ಅಡಗಿರುವ ವಿವೇಕವನ್ನು ವಿಶೇಷವಾಗಿ ಗಮನಿಸಬೇಕು. ನೀರು ಹೆಚ್ಚಿದಷ್ಟೂ ಒಳ್ಳೆಯದೆಂದು ಶಾಸನಕಾರನು ಹೇಳುವುದಿಲ್ಲ. ಅಚ್ಚುಕಟ್ಟಿಗೆ ಮೀರಿದ ನೀರೂ ಅವನಿಗೆ ದೋಷವೇ. ಅವನ ದೃಷ್ಟಿಯಲ್ಲಿ ಕೆರೆಯೆಂಬುದು ನೀರಿಗೂ ನೆಲಕ್ಕೂ ನಡುವಣ ಒಂದು ಪ್ರಮಾಣ.

'ಎರಡು ರಾಜ್ಯಗಳ ಗಡಿ' ಎಂಬ ದೋಷ ಇಂದು ಅಪ್ರಸ್ತುತವೆಂದು ತೋರಬಹುದು. ವಾಸ್ತವವಾಗಿ ಅದು ಬೇರೊಂದು ವೇಷದಲ್ಲಿ ನಮ್ಮ ಮುಂದಿದೆ. ನಲವತ್ತು ಹೆಕ್ಟೇರಿಗೆ ಮೇಲ್ಪಟ್ಟ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕದು ಪಂಚಾಯಿತಿ ವ್ಯವಸ್ಥೆಗೂ ಸೇರುತ್ತದೆ. ಮೇಲಣ ಗುಡ್ಡ ಅರಣ್ಯ ಇಲಾಖೆಯದು. ನಡುವಣ ಗೋಮಾಳ ಕಂದಾಯ ಇಲಾಖೆಯದು. ಒಂದೇ ಹಳ್ಳದ ಮೇಲೆ ಒಂದರ ಕೆಳಗೊಂದು ಕೋಡಿ ಹರಿದು ತುಂಬಬೇಕಾದ ಕೆರೆಗಳು ಹೀಗೆ ಬೇರೆ ಬೇರೆ ಆಡಳಿತಗಳ ಗಡಿಯಲ್ಲಿ ನಿಂತಿವೆ. ೧೮೬೬ರಲ್ಲಿ ಮೈಸೂರಿನ ಎಂಜಿನಿಯರ್ ಮೇಜರ್ ಸ್ಯಾಂಕಿಯು, ೨೭,೨೬೯ ಚದರ ಮೈಲಿ ವಿಸ್ತೀರ್ಣದ ಆ ಸಂಸ್ಥಾನದ ಸುಮಾರು ನೂರಕ್ಕೆ ಅರವತ್ತು ಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದೇ ಕಷ್ಟವೆಂದೂ ಬರೆದನು. ಅವನ ಬೆರಗಿಗೆ ಕಾರಣ ಕೆರೆಗಳ ಸಂಖ್ಯೆಯಷ್ಟೇ ಅಲ್ಲ, ಅವುಗಳ ಸರಣಿ. ಇಂದು ಕರ್ನಾಟಕದಲ್ಲಿ ಸುಮಾರು ೩೬,೦೦೦ ಕೆರೆಗಳಿವೆಯೆಂದು ಎಣಿಸುತ್ತೇವೆ. ಹೀಗೆ ಒಂದೊಂದಾಗಿ ಎಣಿಸುವ ಕ್ರಮವೇ ಸರಣಿಯನ್ನು ಮರೆಸುತ್ತದೆ.

೩

ಇಲ್ಲಿಯವರೆಗೆ ಶಾಸನವು ಹೇಳುವುದನ್ನು ನೋಡಿದೆವು. ಅದು ಹೇಳದೆ ಬಿಟ್ಟಿರುವುದನ್ನೂ ನೋಡದಿದ್ದರೆ ವಿಮರ್ಶೆ ಏಕಪಕ್ಷವಾದೀತು. ಶಾಸನವು ಸ್ವಭಾವತಃ ಪ್ರಶಸ್ತಿ. ಕೀರ್ತಿಯನ್ನು ಬಯಸುವ ರಾಜನೇ ಅದರ ಮೊದಲ ಸಾಧನ. ಕೆಲಸಗಾರರು ಪಟ್ಟಿಯ ಕಡೆಯಲ್ಲಿ ಬರುತ್ತಾರೆ. ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂಬ ಲೆಕ್ಕ ಅಲ್ಲಿ ಸಿಕ್ಕುತ್ತದೆ. ಅವರು ಯಾರು, ಯಾವ ಕೂಲಿಗೆ ದುಡಿದರು, ತುಂಬಿದ ಕೆರೆಯಿಂದ ಅವರಿಗೆ ಒಂದು ಗೇಣು ಗದ್ದೆಯಾದರೂ ನೆನೆಯಿತೆ ಎಂಬುದು ಸಿಕ್ಕುವುದಿಲ್ಲ. ಗ್ರಾಮಸಮಾಜದ ಒಮ್ಮನಸ್ಸನ್ನು ಶಾಸನಗಳಿಂದ ಸಾಧಿಸಹೊರಡುವವರು ಈ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು.

ಶಾಸನ ಬಿಟ್ಟ ಜಾಗವನ್ನು ಜನಪದ ಸಾಹಿತ್ಯ ಸ್ವಲ್ಪಮಟ್ಟಿಗೆ ತುಂಬುತ್ತದೆ. 'ಕೆರೆಗೆ ಹಾರ' ಎಂಬ ಪ್ರಸಿದ್ಧ ಕಥನಗೀತದಲ್ಲಿ ಕಟ್ಟಿಸಿದ ಕೆರೆಗೆ ನೀರು ಬಾರದಿರಲು ಗೌಡನ ಮನೆಯ ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಇದನ್ನು ನಡೆದ ಘಟನೆಯ ವರದಿಯೆಂದು ಓದಬೇಕಾಗಿಲ್ಲ. ತ್ಯಾಗದ ಮಹಿಮೆಯನ್ನು ಸಾರುವ ಕಾವ್ಯವೆಂದು ಮಾತ್ರ ಓದಿದರೂ ಅರ್ಥ ಪೂರ್ಣವಾಗುವುದಿಲ್ಲ. ಕೆರೆಯ ಬೆಲೆಯನ್ನು ತೆತ್ತವರು ಯಾರೆಂಬುದರ ಜ್ಞಾಪಕ ಆ ಹಾಡಿನಲ್ಲಿ ಉಳಿದಿದೆ. ತೀರ್ಮಾನ ಮಾಡಿದವನು ಮನೆಯ ಹಿರಿಯ. ತೆತ್ತವಳು ಆ ಮನೆಯಲ್ಲಿ ಎಲ್ಲರಿಗಿಂತ ಕಡಮೆ ಮಾತಿನ ಹಕ್ಕಿದ್ದವಳು. ರಾಜಶಾಸನವೂ ಈ ಹಾಡೂ ಒಂದೇ ವಸ್ತುವನ್ನು ಎರಡು ದಡಗಳಿಂದ ಕಂಡಿವೆ. ಒಂದನ್ನು ವಿಜ್ಞಾನವೆಂದು ಎತ್ತಿ ಇನ್ನೊಂದನ್ನು ಬರಿಯ ಭಾವವೆಂದು ಬದಿಗಿಡುವುದು ನ್ಯಾಯವಲ್ಲ.

ಈ ದಿಕ್ಕಿನಲ್ಲಿ ನಡೆದಿರುವ ಎರಡು ಅಧ್ಯಯನಗಳನ್ನು ಇಲ್ಲಿ ನೆನೆಯಬೇಕು. ಡೇವಿಡ್ ಮಾಸ್ ಅವರು ೨೦೦೩ರಲ್ಲಿ ಪ್ರಕಟಿಸಿದ 'ದಿ ರೂಲ್ ಆಫ್ ವಾಟರ್' ಗ್ರಂಥದಲ್ಲಿ, ತಮಿಳುನಾಡಿನ ಕೆರೆಗಳು ಪಾಳೆಯಗಾರರ ಅಧಿಕಾರ, ದಾನ, ಗೌರವಗಳ ಜಾಲದೊಳಗೆ ಬಾಳಿದ್ದವೆಂದು ತೋರಿಸಿ, ರಾಜಕೀಯದ ಸೋಂಕಿಲ್ಲದ ಗ್ರಾಮಸಮಾಜದ ಚಿತ್ರವನ್ನು ಪ್ರಶ್ನಿಸಿದ್ದಾರೆ. ಅದೇ ವರ್ಷ ಬಂದ ಏಷಾ ಶಾ ಅವರ 'ಸೋಷಿಯಲ್ ಡಿಸೈನ್ಸ್' ಕರ್ನಾಟಕದ ಕೆರೆಗಳನ್ನೇ ಕುರಿತದ್ದು. ಕೆರೆಯ ತಾಂತ್ರಿಕ ರಚನೆಯೊಳಗೇ ಸಾಮಾಜಿಕ ತಾರತಮ್ಯ ಹೆಣೆದುಕೊಂಡಿದೆಯೆಂಬುದು ಅದರ ಪ್ರತಿಪಾದನೆ. ಈ ವಾದಗಳಿಂದ ಕೆರೆಗಳು ಬೇಡವೆಂಬ ನಿರ್ಣಯಕ್ಕೆ ಬರಬೇಕಾಗಿಲ್ಲ. ಹಳೆಯ ಕೆರೆಯನ್ನು ಹಾಗೆಯೇ ಮರಳಿಸಿದರೆ ಹಳೆಯ ತಾರತಮ್ಯವೂ ಅದರೊಡನೆ ಮರಳೀತೆಂಬ ಎಚ್ಚರಿಕೆಯನ್ನು ಮಾತ್ರ ನಾವು ಇವುಗಳಿಂದ ಪಡೆಯುತ್ತೇವೆ.

ನೀರುಗಂಟಿಯ ವಿಷಯ ಇದಕ್ಕೆ ತಕ್ಕ ನಿದರ್ಶನ. ತೂಬನ್ನು ತೆರೆಯುವುದು, ಮುಚ್ಚುವುದು, ಗದ್ದೆಗದ್ದೆಗೂ ಸರದಿಯಂತೆ ನೀರು ಹಾಯಿಸುವುದು ಅವನ ಕೆಲಸ. ಅಭಾವದ ವರ್ಷದಲ್ಲಿ ಎಷ್ಟು ಗದ್ದೆಗೆ ನೀರು ಸಾಕಾದೀತೆಂಬುದನ್ನು ಏರಿಯ ಮೇಲೆ ನಿಂತೇ ಅವನು ಅಂದಾಜು ಮಾಡಬಲ್ಲವನಾಗಿದ್ದ. ಈ ಕೆಲಸ ಅನೇಕ ಊರುಗಳಲ್ಲಿ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದುದು. ಎಲ್ಲರ ಗದ್ದೆಗೂ ನೀರು ಹಂಚುವವನಿಗೆ ಹಲವೆಡೆ ಸ್ವಂತ ಗದ್ದೆ ಅತ್ಯಲ್ಪ. ಅವನ ಸಂಬಳ ಸುಗ್ಗಿಯ ಕಣದಲ್ಲಿ ರೈತರು ಅಳೆದುಕೊಡುವ ಧಾನ್ಯ. ನೀರುಗಂಟಿಯ ಜ್ಞಾನ ನಷ್ಟವಾಗುತ್ತಿದೆಯೆಂದು ಮರುಗುವವರು ಆ ಜ್ಞಾನಕ್ಕೆ ಸಮಾಜ ಕಟ್ಟಿದ ಬೆಲೆಯನ್ನೂ ಹೇಳಬೇಕು. ಅವನ ಮಕ್ಕಳು ಆ ಕೆಲಸವನ್ನು ಬಿಟ್ಟು ಪಟ್ಟಣಕ್ಕೆ ಹೋದದ್ದನ್ನು ಸಂಪ್ರದಾಯದ ಅವನತಿಯೆಂದು ಮಾತ್ರ ಬಣ್ಣಿಸುವುದು ಸತ್ಯದ ಅರ್ಧ ಭಾಗ.

ಇನ್ನೊಂದು ಮಾತು ಪದದ ವಿಷಯವಾಗಿ. ಹಿಂದಿನವರು ಬಳಸುತ್ತಿದ್ದ ಶಬ್ದ 'ಜೀರ್ಣೋದ್ಧಾರ'. ನಾವು ಬಳಸುತ್ತಿರುವುದು 'ಪುನರುಜ್ಜೀವನ'. ವಸ್ತು ಸವೆಯುತ್ತಲೇ ಇರುತ್ತದೆ, ಆದುದರಿಂದ ಮತ್ತೆ ಮತ್ತೆ ಎತ್ತಿ ನಿಲ್ಲಿಸಬೇಕು ಎಂಬುದು ಮೊದಲನೆಯ ಶಬ್ದದ ಭಾವ. ವಸ್ತು ಒಮ್ಮೆ ಸತ್ತಿತು, ಒಮ್ಮೆ ಬದುಕಿಸಿದರೆ ಕೆಲಸ ಮುಗಿಯಿತು ಎಂಬ ಧ್ವನಿ ಎರಡನೆಯದರಲ್ಲಿದೆ. ಪ್ರಾಚೀನ ಸಾಕ್ಷ್ಯವೆಲ್ಲ ಮೊದಲನೆಯದರ ಪಕ್ಷದಲ್ಲಿಯೇ ಇದೆ. ಬೆಂಗಳೂರಿನ ಅಗರದಲ್ಲಿ ದೊರೆತ, ಕ್ರಿ.ಶ. ಸುಮಾರು ೮೭೦ರ ಗಂಗರ ಕಾಲದ ಶಾಸನವು ಎರಡು ಕೆರೆಗಳಿಗೆ ತೂಬು ಇರಿಸಿ ಮೂರನೆಯದನ್ನು ಕಟ್ಟಿಸಿದ ವಿಷಯವನ್ನು ತಿಳಿಸುತ್ತದೆ. ಕನ್ನಡನಾಡಿನ ಹೊರಗೂ ಇದೇ ಸ್ಥಿತಿ: ಮೌರ್ಯರ ಕಾಲದಲ್ಲಿ ಆದ ಗಿರಿನಗರದ ಸುದರ್ಶನ ಸರೋವರವು ಒಡೆದು, ಕ್ರಿ.ಶ. ೧೫೦ರಲ್ಲಿ ರುದ್ರದಾಮನಿಂದಲೂ, ಐದನೆಯ ಶತಮಾನದಲ್ಲಿ ಸ್ಕಂದಗುಪ್ತನ ಅಧಿಕಾರಿಗಳಿಂದಲೂ ಉದ್ಧಾರಗೊಂಡಿತು. ನಮ್ಮ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮೊದಲಾದ ದತ್ತಿಗಳ ಅರ್ಥವೂ ಇದೇ. ಕೆರೆಯನ್ನು ಕಟ್ಟಿದವನಿಗೆ ಅಥವಾ ದುರಸ್ತಿ ಮಾಡಿದವನಿಗೆ ಅದೇ ಕೆರೆಯ ಕೆಳಗಣ ಭೂಮಿಯಲ್ಲೊಂದು ಪಾಲು, ಅಥವಾ ಫಲದಲ್ಲೊಂದು ಅಂಶ. ರಿಪೇರಿಯ ಖರ್ಚು ಹೀಗೆ ಕೆರೆಯ ಫಲಕ್ಕೇ ಗಂಟುಬಿದ್ದಿತ್ತು. ಕೆರೆ ಒಣಗಿದರೆ ಕಾಯುವವನ ಅನ್ನವೂ ಒಣಗುತ್ತಿತ್ತು. ಇಂದಿನ ಗುತ್ತಿಗೆದಾರನ ಬಿಲ್ಲು ಕೆರೆ ತುಂಬಿದರೂ ಬರುತ್ತದೆ, ತುಂಬದಿದ್ದರೂ ಬರುತ್ತದೆ.

೪

ಈ ಹಿನ್ನೆಲೆಯಿಂದ ಇಂದಿನ ಕಾರ್ಯಗಳನ್ನು ಪರೀಕ್ಷಿಸೋಣ. ಹೂಳೆತ್ತುವುದು ಹಿಂದೆಯೂ ಇತ್ತು. ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡುಮಣ್ಣನ್ನು ಬಂಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲದಿಂದ ಕೊಚ್ಚಿಕೊಂಡು ಬಂದ ಮಣ್ಣು ಹೊಲಕ್ಕೇ ಮರಳುತ್ತಿತ್ತು. ಪ್ರತಿವರ್ಷ ಸ್ವಲ್ಪ ಸ್ವಲ್ಪವಾಗಿ, ಮೇಲ್ಪದರದಷ್ಟೇ. ಯಂತ್ರದಿಂದ ಒಂದೇ ಬೇಸಗೆಯಲ್ಲಿ ಆಳಕ್ಕೆ ಅಗೆದಾಗ ಎರಡು ಪರಿಣಾಮಗಳಾಗುತ್ತವೆ. ತೂಬಿನ ಮಟ್ಟಕ್ಕಿಂತ ಕೆಳಗಿಳಿದ ಅಂಗಳದ ನೀರು ಗದ್ದೆಗೆ ತಾನಾಗಿ ಹರಿಯಲಾರದು. ತಳದ ಜೇಡಿಪದರ ಹರಿದುಹೋದರೆ ನೀರು ಅಂಗಳದಲ್ಲಿ ನಿಲ್ಲಲಾರದು. ಪೋರುಮಾಮಿಳ್ಳದ ಪಟ್ಟಿಯ ಒಂದು ಸಾಧನವನ್ನು ಹೆಚ್ಚಿಸಹೋಗಿ, ಗಟ್ಟಿ ನೆಲವೆಂಬ ಇನ್ನೊಂದನ್ನೂ ತೂಬೆಂಬ ಮತ್ತೊಂದನ್ನೂ ಕಳೆದುಕೊಂಡಂತಾಗುತ್ತದೆ.

ಮೇಲಣ ಭೂಮಿಯ ಮಾತೂ ಹೀಗೆಯೇ. ಕೋಲಾರ ಮೊದಲಾದ ಜಿಲ್ಲೆಗಳಲ್ಲಿ ೧೯೮೦ರ ದಶಕದ ಸಾಮಾಜಿಕ ಅರಣ್ಯ ಕಾರ್ಯಕ್ರಮದೊಡನೆ ನೀಲಗಿರಿ ತೋಪುಗಳು ಹಬ್ಬಿದುವು. ೨೦೧೭ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಹಳೆಯ ತೋಪುಗಳೂ, ಮುಚ್ಚಿಹೋದ ಕಾಲುವೆಗಳೂ, ಕಾಲುವೆಯ ಮೇಲೆ ಎದ್ದ ಬಡಾವಣೆಗಳೂ ಇರುವಲ್ಲಿ ಅಂಗಳವನ್ನು ಎಷ್ಟು ಅಗೆದರೂ ನೀರು ಬರುವ ದಾರಿ ತೆರೆಯುವುದಿಲ್ಲ.

ಕೋಲಾರ ಜಿಲ್ಲೆಯಲ್ಲಿಯೇ ನಡೆದಿರುವ ಇನ್ನೊಂದು ಪ್ರಯೋಗ ಹೆಚ್ಚು ವಿಚಾರಾರ್ಹವಾದುದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ದಿನಕ್ಕೆ ೪೪ ಕೋಟಿ ಲೀಟರುಗಳವರೆಗೆ, ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ೨೦೧೮ರಲ್ಲಿ ಕಾರ್ಯಾರಂಭ ಮಾಡಿತು. ಬಹುಕಾಲ ಒಣಗಿದ್ದ ಕೆರೆಗಳು ತುಂಬಿ ಕೋಡಿ ಹರಿದುವು; ಕೊಳವೆಬಾವಿಗಳಲ್ಲಿ ನೀರು ಮೇಲೆದ್ದಿತು. ಸರಣಿಯ ತತ್ತ್ವ ಇನ್ನೂ ಜೀವಂತವಾಗಿದೆಯೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ. ಅದರೊಡನೆಯೇ ನೀರಿನ ಶುದ್ಧಿಯನ್ನು ಕುರಿತ ಆಕ್ಷೇಪ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಎದ್ದಿತು. ಶಾಸನಕಾರನು ನದಿಗೆ 'ಸಿಹಿನೀರಿನ' ಎಂಬ ವಿಶೇಷಣವನ್ನು ಸೇರಿಸಿದ್ದು ಅಲಂಕಾರಕ್ಕಲ್ಲವೆಂಬುದು ಇಲ್ಲಿ ಮನವರಿಕೆಯಾಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತಲೂ ಗಂಭೀರವಾದ, ಆದರೆ ಕಡಮೆ ಚರ್ಚಿತವಾದ ಪ್ರಶ್ನೆಯೊಂದಿದೆ. ಈ ಯೋಜನೆಯ ಉದ್ದೇಶ ಅಂತರ್ಜಲದ ಮರುಪೂರಣ. ಬಯಲುಸೀಮೆಯ ಇತರ ಅನೇಕ ಕೆರೆಗಳೂ ಸದ್ದಿಲ್ಲದೆ ಇದೇ ಉದ್ದೇಶಕ್ಕೆ ತಿರುಗಿವೆ. ಊರವರೇ ತೂಬನ್ನು ಮುಚ್ಚಿ, ನೀರು ಇಂಗಲೆಂದು ಬಿಡುತ್ತಾರೆ. ಹೊಸ ಕಾಲಕ್ಕೆ ಇದು ವಿವೇಕದ ನಡೆಯೇ ಇರಬಹುದು. ಆದರೆ ತೂಬು ಮುಚ್ಚಿದೊಡನೆ ಹಂಚಿಕೆಯ ಸ್ವರೂಪವೇ ಬದಲಾಗುತ್ತದೆ. ತೂಬಿನ ನೀರು ಎಲ್ಲರ ಕಣ್ಣೆದುರಿಗೆ ಹರಿಯುತ್ತಿತ್ತು. ಅದರಲ್ಲಿ ಅನ್ಯಾಯವಾದರೆ ಕಟ್ಟೆಯ ಮೇಲೆ ಜಗಳವಾಡುವುದಕ್ಕಾದರೂ ಅವಕಾಶವಿತ್ತು. ಇಂಗಿದ ನೀರು ಕಣ್ಣಿಗೆ ಬೀಳುವುದಿಲ್ಲ. ಆಳವಾದ ಕೊಳವೆಬಾವಿ ಕೊರೆಯಿಸಲು ಶಕ್ತನಾದವನು ಅದನ್ನು ಎತ್ತಿಕೊಳ್ಳುತ್ತಾನೆ. ಅಚ್ಚುಕಟ್ಟಿನ ಕಡೆಯ ಗದ್ದೆಯ ಸಣ್ಣ ಹಿಡುವಳಿದಾರನಿಗೆ ಸರದಿಯೂ ಇಲ್ಲ, ಸರದಿ ತಪ್ಪಿತೆಂದು ದೂರುವ ಜಾಗವೂ ಇಲ್ಲ. ಸಾರ್ವಜನಿಕ ಹಣದಿಂದ ತುಂಬಿದ ಕೆರೆ ಹೀಗೆ ಖಾಸಗಿ ಬಾವಿಗಳ ತಾಯಿಯಾಗುತ್ತದೆ. ಹಳೆಯ ವ್ಯವಸ್ಥೆಯಲ್ಲಿ ತಾರತಮ್ಯವಿತ್ತೆಂದು ಮೇಲೆ ಹೇಳಿದೆವು. ಹೊಸದರಲ್ಲಿ ತಾರತಮ್ಯದೊಡನೆ ಅದೃಶ್ಯತೆಯೂ ಸೇರಿಕೊಂಡಿದೆ.

೫

ಮೇಲಿನ ವಿವೇಚನೆಯಿಂದ ಫಲಿಸುವ ಕೆಲವು ಅಂಶಗಳನ್ನು ಸಂಗ್ರಹಿಸಿ ಈ ಲೇಖನವನ್ನು ಮುಗಿಸಬಹುದು.

ಮೊದಲನೆಯದಾಗಿ, ಪುನರುಜ್ಜೀವನದ ಘಟಕವು ಬಿಡಿ ಕೆರೆಯಾಗಿರದೆ ಸರಣಿಯಾಗಿರಬೇಕು. ಮೇಲಣ ಗುಡ್ಡದ ಮರಗಿಡಗಳಿಂದ ಕೆಳಗಣ ಕಡೆಯ ಗದ್ದೆಯವರೆಗೆ ಒಂದೇ ಕಾರ್ಯಕ್ಷೇತ್ರವಾಗಬೇಕು. ಎರಡನೆಯದಾಗಿ, ಪ್ರತಿ ಕೆರೆಗೂ ಅದರ ಇಂದಿನ ಪ್ರಯೋಜನ ಯಾವುದೆಂಬುದನ್ನು, ಗದ್ದೆಗೆ ಹಾಯಿಸುವುದೋ, ಇಂಗಿಸುವುದೋ, ದನಕರುಗಳಿಗೋ ಎಂಬುದನ್ನು ಗ್ರಾಮಸಭೆಯಲ್ಲಿ ಬಹಿರಂಗವಾಗಿ ನಿರ್ಣಯಿಸಬೇಕು. ಅಗೆತದ ಆಳ ಆ ನಿರ್ಣಯವನ್ನು ಅನುಸರಿಸಬೇಕು. ಮೂರನೆಯದಾಗಿ, ಇಂಗಿಸುವುದೇ ನಿರ್ಣಯವಾದಲ್ಲಿ ಕೆರೆಯ ಪ್ರಭಾವಕ್ಕೆ ಒಳಪಟ್ಟ ಕೊಳವೆಬಾವಿಗಳನ್ನೂ ಅಚ್ಚುಕಟ್ಟಿನ ಲೆಕ್ಕಕ್ಕೆ ಸೇರಿಸಿ, ಗದ್ದೆಗೆ ಇದ್ದಂತೆ ಬಾವಿಗೂ ಸರದಿಯನ್ನೂ ವಂತಿಗೆಯನ್ನೂ ಗೊತ್ತುಪಡಿಸಬೇಕು. ನಾಲ್ಕನೆಯದಾಗಿ, ನೀರುಗಂಟಿಯ ಹುದ್ದೆ ಉಳಿಯುವುದಾದರೆ ಅದು ಜಾತಿಯಿಂದ ಬರುವ ಚಾಕರಿಯಾಗಿ ಉಳಿಯದೆ, ನಿಯತ ವೇತನದ, ಹೆಂಗಸರಿಗೂ ಗಂಡಸರಿಗೂ ಸಮಾನವಾಗಿ ತೆರೆದ ಉದ್ಯೋಗವಾಗಬೇಕು. ಐದನೆಯದಾಗಿ, ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಗುತ್ತಿಗೆಗಿಂತ ಪ್ರತಿವರ್ಷ ನಡೆಯುವ ಸಣ್ಣ ದುರಸ್ತಿಗೆ ಹಣವನ್ನು ಕಟ್ಟಿಡಬೇಕು. ದಶವಂದದ ರೂಪವನ್ನು ಮರಳಿ ತರುವುದು ಅಸಾಧ್ಯ, ಅನಪೇಕ್ಷಿತವೂ ಹೌದು. ಕೆರೆಯ ಫಲದಿಂದಲೇ ಕೆರೆಯ ಕಾವಲೆಂಬ ಅದರ ತತ್ತ್ವ ಇಂದಿಗೂ ಸಲ್ಲುತ್ತದೆ.

ಪೋರುಮಾಮಿಳ್ಳದ ಶಾಸನಕಾರನ ಪಟ್ಟಿಗೆ ಆರು ಶತಮಾನಗಳು ಮೀರಿದ ವಯಸ್ಸಾಗಿದೆ. ಅವನ ಕಾಲದ ರಾಜನೂ ಇಲ್ಲ. ಆ ಸಮಾಜವೂ ಇರಬೇಕಾಗಿಲ್ಲ. ಆದರೆ ನೀರಿಗೂ ನೆಲಕ್ಕೂ ದುಡಿಯುವ ಕೈಗಳಿಗೂ ಒಂದು ಪ್ರಮಾಣ ಇರಬೇಕೆಂಬ ಅವನ ದೃಷ್ಟಿ ನಮ್ಮ ಭೂಭಾಗದ ಮುಂದಿನ ರೂಪವನ್ನು ಯೋಚಿಸುವವರಿಗೆ ಇಂದಿಗೂ ಬೇಕು. ಅವನು ಬರೆಯದೆ ಬಿಟ್ಟ ಹದಿಮೂರನೆಯ ಸಾಧನವೊಂದಿದೆ: ಆ ನೀರಿನಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಒಪ್ಪಂದ. ಅದನ್ನು ಸೇರಿಸಿ ಪಟ್ಟಿಯನ್ನು ಪೂರ್ಣಗೊಳಿಸುವ ಹೊಣೆ ನಮ್ಮ ಕಾಲದ್ದು.